ಚಿಪ್ಪಿನ ಹಿಡಿಯ ಹಳೇ ಚಮಚದ ಸೆಟ್: ಇದಕ್ಕೆ ಜೋಡಿಯಾಗುವ ಸೌಟು ಮಾಡಿಸಬಹುದಾ?

ಸಕಲೇಶಪುರದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ತಂದೆ ಇಲ್ಲೇ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದೊರೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಹರಾಜಾಯಿತಂತೆ. ಆಗ ಅಜ್ಜ ತಂದ ಒಂದು ಮರದ ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ. ಒಳಗೆ ಹಸಿರು ಬನಾತು, ಒಂದೊಂದು ಚಮಚಕ್ಕೂ ಅದರದೇ ಅಳತೆಯ ತಗ್ಗು. ದೊಡ್ಡ ಚಮಚ ಆರು, ಸಣ್ಣವು ಆರು, ಫೋರ್ಕ್ ಹನ್ನೆರಡು. ಸೌಟಿನ ಜಾಗ ಮಾತ್ರ ಖಾಲಿ. ನಾನು ಮದುವೆಯಾಗಿ ಬಂದಾಗಿನಿಂದಲೂ ಖಾಲಿಯೇ.

ಹಿಡಿಯ ತುದಿಯಲ್ಲಿ ಕಪ್ಪೆಚಿಪ್ಪು ಇದೆ, ಅದರ ಕೆಳಗೆ ಬೀಸಣಿಗೆಯ ಹಾಗೆ ಅರಳಿದ ಎಲೆ. ನಡುವೆ ಹಿಡಿ ಡಮರುವಿನ ಹಾಗೆ ಸಣ್ಣಗಾಗಿ ಮತ್ತೆ ಅಗಲವಾಗುತ್ತದೆ. ಹಿಂದೆ ತಿರುಗಿಸಿದರೆ ಅಲ್ಲೂ ಅದೇ ಕೆಲಸ. ಇ.ಪಿ.ಎನ್.ಎಸ್. ಅಂತ ನಾಲ್ಕು ಅಕ್ಷರ, ಪಕ್ಕದಲ್ಲಿ ಸವೆದುಹೋದ ಇನ್ನೊಂದು ಮುದ್ರೆ.

ಹೋದ ವರ್ಷ ಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವವರಿಗೆ ಒಂದು ದೊಡ್ಡ ಚಮಚ ಕೊಟ್ಟು, ಇದೇ ಥರ ಸೌಟು ಬೇಕು ಅಂದೆ. ಮೂರು ತಿಂಗಳಾದ ಮೇಲೆ ಕೊಟ್ಟರು. ಬೆಳ್ಳಿ ಒಳ್ಳೆಯದೇ. ಆದರೆ ಚಿಪ್ಪಿನ ಗೆರೆಗಳು ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಮೆತ್ತಗಾಗಿವೆ. ಉದ್ದ ಸೌಟಿಗೆ ಹಿಡಿಯ ತಲೆ ತೀರಾ ಚಿಕ್ಕದು. ಪೆಟ್ಟಿಗೆಯಲ್ಲಿಟ್ಟರೆ ಬೇರೆ ಮನೆಯದು ಬಂದು ಮಲಗಿದ ಹಾಗಿದೆ. ದೀಪಾವಳಿಗೆ ಮಗಳ ಅತ್ತೆ ಮಾವ ಬರುತ್ತಾರೆ. ಅಷ್ಟರೊಳಗೆ ಸರಿಯಾದದ್ದು ಸಿಗಬಹುದಾ? ಈ ವಿನ್ಯಾಸಕ್ಕೆ ಹೆಸರಿದೆಯಾ?

ಮೈಸೂರು ಮಲ್ಲಿಗೆ ಬಳ್ಳಿ:

ಅಕ್ಕ, ಹಬ್ಬಕ್ಕೆ ಒಂದು ಒಳ್ಳೇ ಸ್ಟೀಲ್ ಸೌಟು ಇಡಿ ಸಾಕು. ಸಾರು ಬಿಸಿಯಾಗಿದ್ದರೆ ಬೀಗರು ಹಿಡಿ ನೋಡುವುದಿಲ್ಲ. ನಮ್ಮನೆಯಲ್ಲೂ ಹತ್ತು ಥರದ ಚಮಚ ಇವೆ.

ಪೀಣ್ಯದ ಡೈ ಕೆಲಸದವನು:

ಮೇಡಂ, ನಾನು ಮೂವತ್ತೊಂದು ವರ್ಷ ಅಚ್ಚು ಮಾಡಿದವನು. ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಮಲ್ಲಿಗೆ ಬಳ್ಳಿಯವರು ಹೇಳಿದ ಹಾಗೆ ಊಟ ನಡೆಯುತ್ತದೆ, ಆದರೆ ನೀವು ಕೇಳಿದ್ದು ಆ ಖಾಲಿ ಜಾಗದ ವಿಚಾರ.

ಇದು ಕಿಂಗ್ಸ್ ಪ್ಯಾಟರ್ನ್. ಫ್ರಾನ್ಸಿನ ಮಾದರಿಗಳಿಂದ ಇಂಗ್ಲೆಂಡಿಗೆ ಬಂದದ್ದು, 19ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಬಲು ಜನಪ್ರಿಯವಾಯಿತು. ಇ.ಪಿ.ಎನ್.ಎಸ್. ಅಂದರೆ ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್. ಒಳಗಿರುವುದು ನಿಕಲ್ ಸಿಲ್ವರ್, ಅಂದರೆ ತಾಮ್ರ, ನಿಕಲ್, ಸತು ಸೇರಿದ ಲೋಹ. ಹೆಸರಲ್ಲಿ ಸಿಲ್ವರ್ ಇದ್ದರೂ ಬೆಳ್ಳಿ ಇಲ್ಲ. ಬೆಳ್ಳಿ ಇರುವುದು ಮೇಲಿನ ಲೇಪದಲ್ಲಿ, ಅದನ್ನು ವಿದ್ಯುತ್ತಿನಿಂದ ಕೂರಿಸುತ್ತಾರೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ, ಅಂದರೆ 1000ಕ್ಕೆ 925 ಪಾಲು ಬೆಳ್ಳಿ ಇರುವ ಲೋಹ, ಆಗಿದ್ದರೆ ನಡೆಯುವ ಸಿಂಹದ ಮುದ್ರೆ ಇರುತ್ತಿತ್ತು.

ಈಗ ನಿಮ್ಮ ಸೌಟು ಯಾಕೆ ಕೆಟ್ಟಿತು ಅಂದರೆ: ನಿಮ್ಮ ಚಮಚ ಅಚ್ಚೊತ್ತಿದ್ದು. ಮೇಲೊಂದು, ಕೆಳಗೊಂದು ಉಕ್ಕಿನ ಅಚ್ಚು, ನಡುವೆ ಲೋಹದ ಪಟ್ಟಿ, ಮೇಲಿನಿಂದ ಭಾರದ ಸುತ್ತಿಗೆ ಬೀಳುತ್ತದೆ. ಅದಕ್ಕೇ ಎರಡೂ ಕಡೆ ಕೆಲಸ ಇದೆ, ಗೆರೆಯೂ ಚೂಪಾಗಿದೆ. ಪೇಟೆಯವರು ಚಮಚದ ಮೇಲೆ ರಬ್ಬರ್ ಅಚ್ಚು ತೆಗೆದು, ಮೇಣ ತುಂಬಿ, ಬೆಳ್ಳಿ ಎರಕ ಹೊಯ್ದಿರುತ್ತಾರೆ. ಎರಕ ತಣಿಯುವಾಗ ಕುಗ್ಗುತ್ತದೆ. ಆಮೇಲೆ ಪಾಲಿಶ್ ಚಕ್ರಕ್ಕೆ ಹಿಡಿದರೆ ಚಿಪ್ಪಿನ ಗೆರೆಯ ತುದಿಗಳು ಮೊದಲು ಸವೆಯುತ್ತವೆ. ಕೆಲಸಗಾರನ ಕೈ ಕೆಟ್ಟದ್ದಲ್ಲ, ದಾರಿಯೇ ಬೇರೆ.

ಎರಡನೆಯದು ಇನ್ನೂ ಮುಖ್ಯ. ಒಂದು ಸೆಟ್ ಅಂದರೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಹಾಕಿದ್ದಲ್ಲ. ಟೀ ಚಮಚಕ್ಕೆ ಬೇರೆ ಅಚ್ಚು, ದೊಡ್ಡ ಚಮಚಕ್ಕೆ ಬೇರೆ, ಸೌಟಿಗೆ ಬೇರೆ. ನಿಮ್ಮ ಸಣ್ಣ ಚಮಚವನ್ನೂ ದೊಡ್ಡದನ್ನೂ ಪಕ್ಕಪಕ್ಕ ಇಟ್ಟು, ಭೂತಗನ್ನಡಿಯಲ್ಲಿ ಚಿಪ್ಪಿನ ಏಣುಗಳನ್ನು ಎಣಿಸಿ ನೋಡಿ. ಸಣ್ಣದರಲ್ಲಿ ಏಣು ಕಡಿಮೆ ಇದ್ದರೆ ಆಶ್ಚರ್ಯ ಬೇಡ. ಅಷ್ಟು ಜಾಗದಲ್ಲಿ ಎಲ್ಲ ತುಂಬಿದರೆ ಕಣ್ಣಿಗೆ ಬರೀ ಗಜಿಬಿಜಿ. ಕೆತ್ತುವವನು ಪ್ರತಿ ಅಳತೆಗೂ ಹೊಸದಾಗಿ ಯೋಚಿಸುತ್ತಾನೆ, ಅದೂ ತಿರುವುಮುರುವಾಗಿ. ಉಬ್ಬು ಬೇಕಾದಲ್ಲಿ ತಗ್ಗು, ಬಲ ಬೇಕಾದಲ್ಲಿ ಎಡ. ನಿಮಗೆ ಮಾಡಿಕೊಟ್ಟ ಸೌಟಿನಲ್ಲಿ ಚಮಚದ ತಲೆಯನ್ನೇ ಉದ್ದ ಹಿಡಿಗೆ ಬೆಸೆದಿದ್ದಾರೆ. ಅದಕ್ಕೇ ಚಿಕ್ಕದಾಗಿ ಕಾಣುತ್ತದೆ.

ಒಂದು ಸೌಟಿಗೋಸ್ಕರ ಹೊಸ ಉಕ್ಕಿನ ಅಚ್ಚು ಮಾಡಿಸಬೇಡಿ, ದುಡ್ಡು ದಂಡ. ಹಳೆಯದನ್ನೇ ಹುಡುಕಿ. ಆದರೆ ಕಿಂಗ್ಸ್ ಪ್ಯಾಟರ್ನ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಹತ್ತಾರು ಕಾರ್ಖಾನೆಗಳು ತಮ್ಮ ತಮ್ಮ ಅಚ್ಚಿನಲ್ಲಿ ಹೊಡೆದವು. ಹೆಸರು ಒಂದೇ ಆದರೂ ಎಲೆಯ ಬಾಗು ಬೇರೆ ಇರುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ, ಮುಂದೆ ಹಿಂದೆ ಎರಡೂ ಕಡೆಯ ಪಡಿಯಚ್ಚು ತೆಗೆದುಕೊಳ್ಳಿ. ಸವೆದ ಮುದ್ರೆಯದೂ ಬೇಕು.

ಇನ್ನೊಂದು, ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಲೇಪ ತೆಳುವಾದದ್ದು. ಚಮಚ ಮೇಜಿಗೆ ತಾಗುವ ಬೆನ್ನಿನ ಉಬ್ಬಿನಲ್ಲಿ ಹಳದಿ ಛಾಯೆ ಕಂಡರೆ ಅಲ್ಲಿ ಬೆಳ್ಳಿ ಮುಗಿದಿದೆ ಅಂತ.

ಶೆಫೀಲ್ಡ್ ಹತ್ತಿರದ ಕನ್ನಡಿಗ:

ಡೈ ಕೆಲಸದ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಇಂಗ್ಲೆಂಡಿನ ಹಳೇ ಸಾಮಾನಿನ ಸಂತೆಗಳಲ್ಲಿ ಕಿಂಗ್ಸ್ ಪ್ಯಾಟರ್ನ್ ರಾಶಿ ರಾಶಿ ಬರುತ್ತದೆ, ಹೊಸದನ್ನೂ ಇನ್ನೂ ತಯಾರಿಸುತ್ತಾರೆ. ಲೇಪದ್ದು ದುಬಾರಿಯಲ್ಲ. ಸೌಟಿನಲ್ಲಿ ಎರಡು ಥರ ಇವೆ, ಸೂಪಿನದು ದೊಡ್ಡದು, ಸಾಸಿನದು ಅಂಗೈಯಷ್ಟು. ಪೆಟ್ಟಿಗೆಯ ತಗ್ಗಿನ ಉದ್ದ ಅಳೆದು ತಿಳಿಸಿ, ಪಡಿಯಚ್ಚಿನ ಫೋಟೋ ಹಾಕಿ. ಮುಂದಿನ ಭಾನುವಾರ ಹೋಗುವವನಿದ್ದೇನೆ.

ಸಕಲೇಶಪುರದ ಸೊಸೆ:

ಸರ್, ನಿನ್ನೆ ರಾತ್ರಿ ಮೊಮ್ಮಗನ ಪೆನ್ಸಿಲ್ ತಗೊಂಡು ಕೂತೆ. ದೊಡ್ಡದರ ಚಿಪ್ಪಿನಲ್ಲಿ ಒಂಬತ್ತು ಏಣು, ಸಣ್ಣದರಲ್ಲಿ ಏಳೇ. ಇಷ್ಟು ವರ್ಷ ತೊಳೆದು ಒರೆಸಿ ಇಟ್ಟವಳು ನಾನು, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಸವೆದ ಮುದ್ರೆ ಕಾಗದದಲ್ಲಿ ಅರ್ಧ ಮೂಡಿದೆ, ಒಂದು ಕಿರೀಟದ ಹಾಗೆ ಕಾಣುತ್ತದೆ. ಸೌಟಿನ ತಗ್ಗು 33 ಸೆಂಟಿಮೀಟರ್. ಫೋಟೋ ಹಾಕಿದ್ದೇನೆ. ಹುಣಸೆಹಣ್ಣು ಇವತ್ತಿಂದಲೇ ಬಂದ್.