ಪದಚರ್ಚೆ: ಹಳೇ ಕ್ಯಾಂಪರ್ ವ್ಯಾನಿನ ತೆರೆಯುವ ಕಿಟಕಿಗೆ ಏನನ್ನೋಣ? (ನಾಳೆ ಸ್ಟಿಕ್ಕರ್ ಕಟಿಂಗ್‌ಗೆ ಕೊಡಬೇಕು)

ಕೈಮರ, ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯಲ್ಲಿ ಒಂದು ಹಳೇ ಮಟಡೋರ್ ವ್ಯಾನನ್ನು ಮಲಗುವ ಗಾಡಿ ಮಾಡಿಟ್ಟಿದ್ದೇವೆ. ಹಾಸಿಗೆ, ಸಣ್ಣ ಗ್ಯಾಸ್ ಒಲೆ, ಸಿಂಕು ಎಲ್ಲ ಇತ್ತು, ಗಾಳಿಯೊಂದಿರಲಿಲ್ಲ. ಪಕ್ಕದ ಗಾಜುಗಳು ರಬ್ಬರ್ ಬೀಡಿಂಗಿನಲ್ಲಿ ಕೂತವು, ಅಲ್ಲಾಡುವುದಿಲ್ಲ. ಮಳೆಗಾಲದಲ್ಲಿ ಇಬ್ಬರು ಮಲಗೆದ್ದರೆ ಬೆಳಗ್ಗೆ ಗಾಜಿನ ಒಳಮೈಯಿಂದ ನೀರಿಳಿದು ಪ್ಲೈವುಡ್ಡಿಗೆಲ್ಲ ಬೂಷ್ಟು. ಹಾಗಾಗಿ ಈಗ ಟಿಂಕರ್ ಕೆಲಸ ಮಾಡಿಸಿ ಕಿಟಕಿ ಹಾಕಿಸಿದ್ದೇವೆ. ಬಲಗಡೆಯದಕ್ಕೆ ಮೇಲೆ ಕೀಲು, ಕೆಳಗಿನಿಂದ ಹೊರಕ್ಕೆ ತಳ್ಳಬೇಕು, ಸಣ್ಣ ಮಳೆಯಲ್ಲೂ ತೆರೆದಿಡಬಹುದು. ಎಡಗಡೆಯದು ಪಟ್ಟಿಪಟ್ಟಿ ಗಾಜು, ಹಿಡಿ ತಿರುಗಿಸಿದರೆ ಎಲ್ಲ ಒಟ್ಟಿಗೆ ಓರೆಯಾಗುತ್ತವೆ. 1960ರ ದಶಕದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದವರು ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಕೂರಿಸುತ್ತಿದ್ದ ಮಾದರಿ. ಹಳೇ ಗಾಡಿಯ ಹುಚ್ಚಿನವರು ಅದನ್ನು ‘ಜಲೂಸಿ’ ಅನ್ನುತ್ತಾರೆ. ಚಾವಣಿಯಲ್ಲಿ ಎತ್ತಿ ನಿಲ್ಲಿಸುವ ಮುಚ್ಚಳ ಇನ್ನೊಂದು.

ಇವಕ್ಕೆ ಒಂದೊಂದು ಕನ್ನಡ ಹೆಸರು ಬೇಕು. ಜತೆಗೆ ಒಳಗೆ ಅಂಟಿಸುವ ಸೂಚನೆ. ಸದ್ಯ ಬರೆದಿಟ್ಟದ್ದು ಇದು: ‘ಒಲೆ ಹಚ್ಚುವ ಮೊದಲು ವಾತಾಯನ ಕಿಟಕಿಗಳನ್ನು ತೆಗೆಯಿರಿ. ರಾತ್ರಿ ಎಲ್ಲ ಕಿಟಕಿ ಹಾಕಬೇಡಿ.’ ಅಂಗಡಿಯವರು ನಾಳೆ ಹನ್ನೊಂದರೊಳಗೆ ಕೇಳಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಹಾಸನದಿಂದ:

‘ವಾತಾಯನ ಕಿಟಕಿ’ ಅಂದರೆ ಕಿಟಕಿಕಿಟಕಿ. ಅಮರಕೋಶದಲ್ಲಿ ವಾತಾಯನ, ಗವಾಕ್ಷ ಎರಡೂ ಒಂದೇ ಉಸಿರಿಗೆ ಬಂದಿವೆ, ಎರಡೂ ಕಿಟಕಿಯೇ. ವಾತ ಓಡಾಡುವ ದಾರಿ, ಅಷ್ಟೆ. ಅದನ್ನು ಗಾಳಿಯಾಟ ಎಂಬ ಅರ್ಥಕ್ಕೆ ಎಳೆದದ್ದು ಪಾರಿಭಾಷಿಕ ಪದ ಕಟ್ಟುವವರ ಪ್ರತಾಪ. ಗವಾಕ್ಷ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಹಳೇ ನಾರ್ಸ್ ಭಾಷೆಯ ಗಾಳಿಗಣ್ಣು. ಇಲ್ಲೂ ಕಣ್ಣು, ಅಲ್ಲೂ ಕಣ್ಣು. ಹಾಗಾಗಿ ಗವಾಕ್ಷಿ ಎಂದು ಬರೆಯಿರಿ, ಮುಗಿಯಿತು. ಜಲೂಸಿ ಮಾತ್ರ ಬೇಡ. ಫ್ರೆಂಚಿನಲ್ಲಿ ಅದು ಅಸೂಯೆ; ಒಳಗಿದ್ದವರು ಹೊರಗೆ ನೋಡಬಹುದು, ಹೊರಗಿನವರಿಗೆ ಕಾಣಿಸಬಾರದು ಎಂಬ ಗಂಡಂದಿರ ಸಂಶಯದಿಂದ ಹುಟ್ಟಿದ ಹೆಸರು.

ಬೆಂಗಳೂರಿನಿಂದ:

ಹಸುವಿನ ಕಣ್ಣಿಗೂ ಮಟಡೋರಿಗೂ ಏನು ನಂಟು? ಕನ್ನಡದ್ದೇ ಆದ ಕಂಡಿ, ಕಿಂಡಿ ಇರುವಾಗ ಎರವಲು ಯಾಕೆ. ಬೆಳಕಿಂಡಿ ಬಳಕೆಯಲ್ಲಿದೆ. ಹಾಗೆಯೇ ತಳ್ಳುವುದಕ್ಕೆ ಗಾಳಿಗಂಡಿ, ಪಟ್ಟಿಯದಕ್ಕೆ ಎಸಳುಗಂಡಿ, ಚಾವಣಿಯದಕ್ಕೆ ಮೇಲ್ಗಂಡಿ. ಕ್ಯಾಂಪರ್ ವ್ಯಾನಿಗೆ ಬಿಡಾರಬಂಡಿ. ‘ಕಿಟಕಿ’ ಕೂಡ ಬಡಗಣ ನುಡಿಗಳ ಕಿಡಕಿ, ಅದನ್ನೂ ಬಿಡಿ. ಅರ್ತ ಎಲ್ಲರಿಗೂ ಆಗುತ್ತೆ.

ಸಕಲೇಶಪುರದಿಂದ:

ಗಂಡಿ ಅಂದರೆ ನಮ್ಮ ಕಡೆ ಬೇಲಿಯಲ್ಲಿ ದನ ನುಗ್ಗುವ ಸಂದು, ಸಾರ್. ‘ಗಾಳಿಗಂಡಿ’ ಅಂತ ಅಂಟಿಸಿದರೆ ಬಂದ ಗೆಸ್ಟು ಗಾಡಿಯಲ್ಲಿ ಎಲ್ಲೋ ತೂತು ಬಿದ್ದಿದೆ ಅಂದುಕೊಂಡು ಬಟ್ಟೆ ತುರುಕುತ್ತಾರೆ.

ನಮ್ಮ ಮನೆಯಲ್ಲಿ ಹಿಂದೆ ಬಸ್ ಬಾಡಿ ಕಟ್ಟುತ್ತಿದ್ದರು. ಅಲ್ಲಿ ಯಾರೂ ಗವಾಕ್ಷಿ ಅಂದದ್ದಿಲ್ಲ. ಪಕ್ಕಕ್ಕೆ ಜರುಗುವುದು ಸ್ಲೈಡಿಂಗ್, ಎತ್ತಿ ಇಳಿಸುವುದು ಶಟರ್, ಅಂಬಾಸಿಡರ್ ಮುಂಬಾಗಿಲಿನದು ತ್ರಿಕೋನ ಗ್ಲಾಸ್. ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ, ಮೂಗಿಗೆ ಗಾಳಿ ತಿರುಗಿಸುವ ಆ ಗ್ಲಾಸಿನ ಸುಖ ಯಾವ ಏಸಿಯಲ್ಲೂ ಇಲ್ಲ. ಪಟ್ಟಿ ಗಾಜು ಎಲ್ಲರ ಬಚ್ಚಲಲ್ಲೂ ಇದೆ, ಎಲ್ಲರೂ ಲೂವರ್ ಅನ್ನುತ್ತಾರೆ. ಹಾಗೇ ಬರೆಯಿರಿ. ಗಾರೆ ಮೇಸ್ತ್ರಿಗಳ ‘ವೆಂಟಿಲೇಟರ್’ ಸರಿಹೋಗುತ್ತಿತ್ತು, ಆದರೆ ಕೊರೊನಾ ಆದಮೇಲೆ ಆ ಪದ ಕೇಳಿದರೇ ಜನಕ್ಕೆ ಐಸಿಯು ನೆನಪಾಗುತ್ತೆ.

ಬೇಲೂರಿನಿಂದ:

ಜಾಲಂಧ್ರ ಯಾರ ಬಾಯಲ್ಲೂ ಬರಲಿಲ್ಲವಲ್ಲ, ಆಶ್ಚರ್ಯ. ನಮ್ಮ ಚೆನ್ನಕೇಶವನ ಗುಡಿಯನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ನವರಂಗದ ಸುತ್ತ ತೆರೆದೇ ಇತ್ತು. ಕಂಬಗಳ ನಡುವೆ ಕಲ್ಲಿನ ಜಾಲಂಧ್ರ ಕೂರಿಸಿದ್ದು ಆಮೇಲೆ, ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ. ಇದ್ದ ಕಟ್ಟಡಕ್ಕೆ ಆಮೇಲೆ ಕಿಟಕಿ ಹಾಕಿಸುವ ಕೆಲಸ ನಿಮ್ಮ ಮಟಡೋರಿಗಿಂತ ಹಳೆಯದು! ಜಾಲ, ರಂಧ್ರ ಸೇರಿ ಜಾಲಂಧ್ರ. ಪಟ್ಟಿಪಟ್ಟಿ ಗಾಜಿಗೆ ಇದಕ್ಕಿಂತ ಒಳ್ಳೆ ಪದ ಎಲ್ಲಿ ಸಿಕ್ಕೀತು?

ಸಕಲೇಶಪುರದಿಂದ:

ನಿಮ್ಮ ಜಾಲಂಧ್ರ ತೆರೆಯುತ್ತದೆಯೇ? ಅವರು ಕೇಳಿದ್ದು ತೆರೆಯುವ ಕಿಟಕಿಗೆ. ಸೊಳ್ಳೆ ಪರದೆಗೆ ಬೇಕಾದರೆ ಇಟ್ಟುಕೊಳ್ಳಲಿ.

ಬೆಂಗಳೂರಿನಿಂದ:

ಮತ್ತೆ ಸಂಸ್ಕ್ರುತ. ಲೂವರ್ ಆದರೂ ಪರವಾಗಿಲ್ಲ, ಇದು ಬೇಡ. ಕವಿ ಆಂಡಯ್ಯ ಹದಿಮೂರನೇ ನೂರೇಡಿನಲ್ಲೇ ಸಂಸ್ಕ್ರುತ ಬಿಟ್ಟು ಕಬ್ಬ ಬರೆದು ತೋರಿಸಿದ್ದಾನೆ, ನಾವು ಇನ್ನೂ ಹಸು, ಜಾಲ ಅಂತ ಕೂತಿದ್ದೇವೆ.

ಹಾಸನದಿಂದ:

ಆಂಡಯ್ಯ ಬಿಟ್ಟದ್ದು ತತ್ಸಮಗಳನ್ನು. ತದ್ಭವಗಳನ್ನು ಕೈತುಂಬ ಬಳಸಿದ. ಅವನ ಹೆಸರು ಹೇಳಿಕೊಂಡು ‘ಕಿಟಕಿ’ಯನ್ನು ಓಡಿಸಲು ಬರುವುದಿಲ್ಲ. ತಮಿಳರು ಪೋರ್ಚುಗೀಸರ ಜನೆಲಾವನ್ನು ಜನ್ನಲ್ ಮಾಡಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ. ಮತ್ತೆ, ಮಹಾಪ್ರಾಣ ಬಿಟ್ಟವರ ಜತೆ ಅರ್ಥದ ಚರ್ಚೆ ನನ್ನಿಂದಾಗದು.

ಬೆಂಗಳೂರಿನಿಂದ:

ಆಗದಿದ್ದರೆ ಬಿಡಿ.

ಮೂಡಿಗೆರೆಯಿಂದ:

ನಾಮಪದಕ್ಕೆ ಇಷ್ಟು ಹೊತ್ತು ಜಗಳವಾಡಿದ್ದೀರಿ, ಸೂಚನೆಯ ಕ್ರಿಯಾಪದಗಳನ್ನು ಒಬ್ಬರೂ ನೋಡಿಲ್ಲ. ‘ಕಿಟಕಿ ತೆಗೆಯಿರಿ’ ಅಂದರೆ ನಮ್ಮ ಊರಲ್ಲಿ ತೆರೆಯಿರಿ ಅಂತಲೇ, ಬಾಗಿಲು ತೆಗಿ ಅಂದ ಹಾಗೆ. ಆದರೆ ತಳ್ಳುವ ಗಾಜು, ಎತ್ತುವ ಮುಚ್ಚಳ ಇರುವ ಗಾಡಿಯಲ್ಲಿ, ಹೊರಗಿನಿಂದ ಬಂದವರಿಗೆ ಅದು ಕಳಚಿ ಪಕ್ಕಕ್ಕಿಡಿ ಅಂತಲೂ ಆಗುತ್ತೆ. ಲೂವರಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆಯಲು ಬರುತ್ತದಲ್ಲ, ಯಾರೋ ಮಕ್ಕಳು ಮಾಡಿಯೇ ಬಿಡುತ್ತಾರೆ.

‘ಹಾಕಬೇಡಿ’ ಇನ್ನೂ ಕೆಟ್ಟದ್ದು. ಕಿಟಕಿ ಹಾಕು ಅಂದರೆ ಮುಚ್ಚು. ಕಿಟಕಿ ಹಾಕಿಸು ಅಂದರೆ ಹೊಸದು ಕೂರಿಸು. ಪ್ರಶ್ನೆಯಲ್ಲೇ ‘ಕಿಟಕಿ ಹಾಕಿಸಿದ್ದೇವೆ’ ಅಂತಲೂ ಇದೆ, ‘ಹಾಕಬೇಡಿ’ ಅಂತಲೂ ಇದೆ. ಅದರ ಮೇಲೆ ‘ರಾತ್ರಿ ಎಲ್ಲ ಕಿಟಕಿ’: ರಾತ್ರಿಯೆಲ್ಲವೋ, ಎಲ್ಲ ಕಿಟಕಿಯೋ? ಒಂದು ಹಾಕಿದರೆ ತಪ್ಪಾ, ಎಲ್ಲ ಹಾಕಿದರೆ ತಪ್ಪಾ? ಇಲ್ಲಿಯ ಚಳಿಗೆ ಗೆಸ್ಟು ತಮಗೆ ಅನುಕೂಲವಾದ ಅರ್ಥವನ್ನೇ ಹಿಡಿಯುತ್ತಾರೆ.

ಹಾಸನದಿಂದ:

ಇದು ವಿಚಾರ. ‘ತೆರೆಯಿರಿ’ ಮಾಡಿ. ಹಳಗನ್ನಡದಲ್ಲಿ ಬಿಚ್ಚುವ ತೆಱೆಗೆ ಶಕಟರೇಫ, ಅಂದರೆ ಱ ಅಕ್ಷರ ಇತ್ತು, ಪರದೆಯ ತೆರೆ ಬೇರೆಯೇ ಇತ್ತು. ಶಕಟರೇಫ ಕೈಬಿಟ್ಟ ಮೇಲೆ ನಮಗೆ ‘ತೆರೆ ತೆರೆಯಿರಿ’ ಎಂಬ ಗತಿ ಬಂತು. ವ್ಯಾನಿನಲ್ಲಿ ಕರ್ಟನ್ ಇದ್ದರೆ ಅದನ್ನು ಪರದೆ ಎನ್ನಿ.

ಬೆಂಗಳೂರಿನಿಂದ:

ಪರದೆ ಪಾರ್ಸಿ.

ಸಕಲೇಶಪುರದಿಂದ:

ಕೈಮರದ ಮೇಡಂ, ಪದ ಅತ್ಲಾಗಿರಲಿ, ಒಲೆಯದೊಂದು ಹೇಳಿಬಿಡುತ್ತೇನೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಿನ ಮುಚ್ಚಳದಿಂದ ಹೋಗುವುದಿಲ್ಲ, ನೆಲಕ್ಕಿಳಿದು ಮಂಚದ ಕೆಳಗೆ ನಿಲ್ಲುತ್ತೆ. ಸಿಲಿಂಡರ್ ಇಟ್ಟ ಡಬ್ಬಿಯ ತಳದಲ್ಲಿ ನೆಲದಿಂದ ಹೊರಕ್ಕೆ ಒಂದು ತೂತು ಇರಲೇಬೇಕು, ಅದಕ್ಕೆ ಯಾರೂ ಚಾಪೆ ಮುಚ್ಚಬಾರದು. ಮೇಲೆ ಕಿಟಕಿ ಬೇಕಾದದ್ದು ಉರಿಯುವಾಗ ಹುಟ್ಟುವ ಹೊಗೆಗಾಳಿಗೆ ಮತ್ತು ಉಸಿರಿನ ಹಸಿಗೆ. ಅದೂ ಒಂದು ಕಡೆ ತೆರೆದರೆ ಸಾಲದು; ಒಂದು ಕಡೆಯಿಂದ ಬಂದದ್ದು ಇನ್ನೊಂದು ಕಡೆಯಿಂದ ಹೋಗಬೇಕು, ಅದಕ್ಕೇ ಎರಡು ಬೇಕು. ಚಳಿಗೆ ಒಲೆ ಉರಿಸಿಕೊಂಡು ಮಲಗಬಾರದು ಅಂತಲೂ ಬರೆಯಿರಿ. ಪುಣ್ಯ ಬರುತ್ತೆ.

ಬೇಲೂರಿನಿಂದ:

ನೆಲದ ತೂತಿಗೆ ಬಿಲ, ಬಿಲದ್ವಾರ ಇತ್ಯಾದಿ ಹೇಳಬಹುದು, ಆದರೆ ಹೇಳಿದರೆ ಬೈಯುತ್ತೀರಿ.

ಮೂಡಿಗೆರೆಯಿಂದ:

ಖಂಡಿತ.

ಕೈಮರ, ಚಿಕ್ಕಮಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಟಿಂಕರ್ ಸಾಹೇಬರನ್ನೂ ಕೇಳಿದೆ. ಪಕ್ಕದ ಎರಡಕ್ಕೂ ಅವರು ಹೇಳುವುದು ಗ್ಲಾಸ್: ತಳ್ಳೋ ಗ್ಲಾಸ್, ಪಟ್ಟಿ ಗ್ಲಾಸ್, ಮೇಲಿನದು ಡಬ್ಬಿ ಮುಚ್ಚಳ. ಒಂದೊಂದು ಕಿಟಕಿಯ ಪಕ್ಕ ‘ತಳ್ಳುಕಿಟಕಿ’, ‘ಪಟ್ಟಿಕಿಟಕಿ’, ‘ಮೇಲ್ಗಿಂಡಿ’ ಅಂತ ಹಾಕಿಸುತ್ತಿದ್ದೇನೆ. ಮೇಲ್ಗಿಂಡಿ ಬೆಂಗಳೂರಿನವರ ಪಾಲಿನದು, ಗ ಮಾತ್ರ ದನ ನುಗ್ಗದ ಹಾಗೆ ತಿದ್ದಿದೆ. ಸೂಚನೆ ಹೀಗೆ:

‘ಎರಡೂ ಬದಿಯ ಕಿಟಕಿ ತೆರೆದ ಮೇಲೆ ಒಲೆ ಹಚ್ಚಿ. ಮಲಗುವಾಗ ಒಲೆ ಆರಿಸಿ. ರಾತ್ರಿ ಎರಡು ಕಿಟಕಿಯಾದರೂ ತೆರೆದಿರಲಿ. ನೆಲದ ತೂತು ಮುಚ್ಚಬೇಡಿ.’

ಹಾಸನದಿಂದ:

‘ತಳ್ಳುಕಿಟಕಿ’ಗೆ ಆದೇಶಸಂಧಿ ಯಾಕಿಲ್ಲ? ಮೇಲ್ಗಿಂಡಿಗೆ ಗಕಾರ ಕೊಟ್ಟು ಇದಕ್ಕೆ ಕೊಡದಿರುವುದು ಪಂಕ್ತಿಭೇದ. ತಳ್ಳುಗಿಟಕಿ ಎಂದಾಗಬೇಕು.

ಮೂಡಿಗೆರೆಯಿಂದ:

ಹಾಗೆ ಬರೆದರೆ ಓದುವಾಗಲೇ ಗಿಟಕಿರಿ ಹಾಡಿದ ಹಾಗಾಗುತ್ತೆ, ಮೇಷ್ಟ್ರೇ. ಇರಲಿ ಬಿಡಿ.

ಬೆಂಗಳೂರಿನಿಂದ:

ಒಂದು ಕಂಡಿಯಾದರೂ ಉಳಿಯಿತು, ಕಿಂಡಿಯಾಗಿ. ಅಂದ ಹಾಗೆ ಸ್ಟಿಕ್ಕರಿಗೆ ಅಂಟುಚೀಟಿ ಅನ್ನಿ.

ಹಾಸನದಿಂದ:

ಚೀಟಿ ಯಾರದು? ಹಿಂದಿಯ ಚಿಟ್ಠಿ ನೋಡಿ ಬನ್ನಿ.