ಚಿತ್ರವನ್ನು ಭಾಗಗಳಾಗಿ ರೆಂಡರ್ ಮಾಡುವಾಗ ಭಾಗಕ್ಕೊಂದು ಸೆಟ್ಟಿಂಗ್ ಇಡಬಹುದೇ?

ಪ್ರಶ್ನೆ: ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು
ಅರಮನೆಯ ಕಲ್ಯಾಣ ಮಂಟಪದ ಒಳಾಂಗಣವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೂಪಿಸಿ, ಅದರ ಸೈಕಲ್ಸ್ ಎಂಜಿನ್ ಮೂಲಕ ರೆಂಡರ್ ಮಾಡುತ್ತಿದ್ದೇನೆ, ಅಂದರೆ ಬೆಳಕನ್ನು ಲೆಕ್ಕಹಾಕಿ ಅಂತಿಮ ಚಿತ್ರ ತೆಗೆಯುತ್ತಿದ್ದೇನೆ. ನವಿಲುಗಳ ಚಿತ್ತಾರವಿರುವ ಬಣ್ಣದ ಗಾಜಿನ ಚಾವಣಿ, ಎರಕದ ಕಬ್ಬಿಣದ ಕಂಬಗಳು ಮತ್ತು ನುಣುಪಾದ ನೆಲ ಒಂದೇ ಚೌಕಟ್ಟಿನಲ್ಲಿ ಬರಬೇಕು. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆಯಂತೆ 10,800 × 7,200 ಪಿಕ್ಸೆಲ್ ಬೇಕಾಗುತ್ತದೆ. ನಡುವೆ ಕರೆಂಟ್ ಹೋದರೆ ಎಲ್ಲವೂ ವ್ಯರ್ಥವಾಗುವುದರಿಂದ ಚೌಕಟ್ಟಿನ ಒಂದು ಭಾಗವನ್ನಷ್ಟೇ ರೆಂಡರ್ ಮಾಡುವ ರೆಂಡರ್ ರೀಜನ್ ಬಳಸಿ ಭಾಗಗಳಾಗಿ ತೆಗೆಯುತ್ತಿದ್ದೇನೆ. ಚಾವಣಿಯ ಭಾಗಕ್ಕೆ ಬೌನ್ಸ್ (ಬೆಳಕಿನ ಕಿರಣ ಎಷ್ಟು ಸಲ ಚಿಮ್ಮಬಹುದೆಂಬ ಮಿತಿ) ಹೆಚ್ಚಾಗಿಯೂ ಕಂಬಗಳ ಭಾಗಕ್ಕೆ ಕಡಿಮೆಯಾಗಿಯೂ ಇಟ್ಟು ನೋಡಿದಾಗ, ಎರಡು ಭಾಗಗಳು ಕೂಡುವಲ್ಲಿ ಸ್ಪಷ್ಟವಾದ ಗೆರೆ ಕಾಣುತ್ತದೆ. ಸಮಯ ಉಳಿಸುತ್ತಲೇ ಈ ಗೆರೆಯನ್ನು ತಪ್ಪಿಸುವುದು ಹೇಗೆ?

ಉತ್ತರ: ಮಂಡ್ಯದ ಸದಸ್ಯ
ಮೇಡಂ, ಬೌನ್ಸ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಭಾಗದಿಂದ ಭಾಗಕ್ಕೆ ಬದಲಿಸಬೇಡಿ. ಬೌನ್ಸ್ ಕಡಿಮೆ ಮಾಡಿದಾಗ ಗೋಡೆಯಿಂದ ಗೋಡೆಗೆ ಚಿಮ್ಮಿ ಬರಬೇಕಾದ ಬೆಳಕಿನ ಒಂದಂಶವನ್ನೇ ಲೆಕ್ಕದಿಂದ ಕೈಬಿಟ್ಟಂತಾಗುತ್ತದೆ. ಹಾಗಾಗಿ ಆ ಭಾಗ ನಿಜವಾಗಿಯೂ ಮಬ್ಬಾಗುತ್ತದೆ, ಎಷ್ಟು ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಹಾಯಿಸುವ ಕಿರಣಗಳು) ಕೊಟ್ಟರೂ ಆ ವ್ಯತ್ಯಾಸ ಹೋಗುವುದಿಲ್ಲ. ಅತಿ ಹೊಳಪಿನ ಸ್ಯಾಂಪಲ್‌ಗಳನ್ನು ಒಂದು ಮಿತಿಗೆ ತಗ್ಗಿಸುವ ಕ್ಲ್ಯಾಂಪ್ ಮೌಲ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸ್ಯಾಂಪಲ್‌ಗಳ ವಿಷಯ ಬೇರೆ. ಅವು ಸರಾಸರಿ ಬೆಳಕನ್ನು ಬದಲಿಸದೆ ಕಾಳುಕಾಳಾದ ಕಲೆಗಳನ್ನಷ್ಟೇ ತಗ್ಗಿಸುತ್ತವೆ. ಕಲೆಗಳು ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್‌ಗಳು ನಾಲ್ಕು ಪಟ್ಟಾಗಬೇಕು, ಸಮಯವೆಲ್ಲ ಖರ್ಚಾಗುವುದು ಇಲ್ಲಿಯೇ. ಅದನ್ನೂ ಕೈಯಾರೆ ಹಂಚುವ ಅಗತ್ಯವಿಲ್ಲ. ನಾಯ್ಸ್ ಥ್ರೆಶೋಲ್ಡ್ (ಕಲೆ ಎಷ್ಟಕ್ಕಿಳಿದರೆ ಸಾಕೆಂಬ ಮಿತಿ) ಆನ್ ಮಾಡಿ, ಎಲ್ಲ ಭಾಗಗಳಿಗೂ 0.01 ಎಂದಿಟ್ಟು, ಗರಿಷ್ಠ ಸ್ಯಾಂಪಲ್ ಸಂಖ್ಯೆಯನ್ನು ಧಾರಾಳವಾಗಿ ಕೊಟ್ಟರೆ, ಸರಳವಾದ ಪಿಕ್ಸೆಲ್‌ಗಳಲ್ಲಿ ಸೈಕಲ್ಸ್ ತಾನೇ ಬೇಗ ನಿಲ್ಲಿಸಿ, ಗಾಜು ಮತ್ತು ನೆರಳಿರುವ ಕಡೆ ಮುಂದುವರಿಯುತ್ತದೆ.

ಉತ್ತರ: ಮುದ್ರಣ ವಿನ್ಯಾಸಕ, ಮೈಸೂರು
ಮೇಲಿನ ಉತ್ತರದ ಜೊತೆಗೆ ಉಳಿದ ಕಲೆಗಳನ್ನು ಅಳಿಸುವ ಡಿನಾಯ್ಸರ್ ಬಗ್ಗೆಯೂ ಎಚ್ಚರಿಕೆ ಬೇಕು. ಅದು ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ತೀರ್ಮಾನಿಸುವುದರಿಂದ, ಪ್ರತಿ ಭಾಗಕ್ಕೂ ಪ್ರತ್ಯೇಕವಾಗಿ ಹಾಕಿದರೆ ಅಂಚಿನಲ್ಲಿ ಆಚೆಯ ಮಾಹಿತಿ ಸಿಗದೆ ಗೆರೆ ಮೂಡುವ ಸಂಭವವಿದೆ. ರೆಂಡರ್ ಸಮಯದಲ್ಲಿ ಡಿನಾಯ್ಸ್ ಆಫ್ ಇಟ್ಟು, ಡಿನಾಯ್ಸಿಂಗ್ ಡೇಟಾ ಪಾಸ್‌ಗಳ (ಡಿನಾಯ್ಸರ್‌ಗೆ ನೆರವಾಗುವ ಹೆಚ್ಚುವರಿ ಪದರಗಳ) ಸಮೇತ, ಹಲವು ಪದರಗಳನ್ನು ಹಿಡಿಯುವ ಮಲ್ಟಿಲೇಯರ್ ಓಪನ್‌ಇಎಕ್ಸ್‌ಆರ್ ಕಡತಗಳಾಗಿ ಉಳಿಸಿ. ಭಾಗಗಳನ್ನು ಕೂಡಿಸಿದ ಮೇಲೆ ಇಡೀ ಚಿತ್ರಕ್ಕೆ, ಬ್ಲೆಂಡರ್‌ನ ಚಿತ್ರ ಜೋಡಣೆಯ ವಿಭಾಗವಾದ ಕಂಪೋಸಿಟರ್‌ನಲ್ಲಿ ಒಮ್ಮೆ ಡಿನಾಯ್ಸ್ ನೋಡ್ ಹಾಕಿ, ಆಲ್ಬೀಡೋ (ಮೇಲ್ಮೈಯ ಮೂಲ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖಮಾಡಿರುವ ದಿಕ್ಕು) ಪಾಸ್‌ಗಳನ್ನೂ ಹಾಗೆಯೇ ಕೂಡಿಸಿ ಅದಕ್ಕೆ ಜೋಡಿಸಿ. ಕಡತವನ್ನು ಭಾಗದ ಅಳತೆಗೆ ಕತ್ತರಿಸುವ ಕ್ರಾಪ್ ಆಯ್ಕೆಯನ್ನು ಆಫ್ ಇಟ್ಟರೆ ಪ್ರತಿ ಕಡತವೂ ಪೂರ್ಣ ಅಳತೆಯಲ್ಲೇ ಇದ್ದು, ಭಾಗಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ.

ಇನ್ನೊಂದು ಮಾತು: ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ಚಿತ್ರವಾದರೆ ಇಂಚಿಗೆ 150 ಚುಕ್ಕೆ ಸಾಕು. ಆಗ ಪಿಕ್ಸೆಲ್‌ಗಳು ಕಾಲುಭಾಗಕ್ಕಿಳಿಯುತ್ತವೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಎಲ್ಲ ಭಾಗಗಳಿಗೂ ಒಂದೇ ಬೌನ್ಸ್ ಇಟ್ಟ ಮೇಲೆ ಗೆರೆ ಹೋಯಿತು. ಆದರೆ ಚಾವಣಿಯ ಗಾಜಿನ ಬಣ್ಣ ನೆಲದ ಮೇಲೆ ಬೀಳುತ್ತಿಲ್ಲ. ಆ ಬಣ್ಣವಿಲ್ಲದೆ ಮಂಟಪ ಮಂಟಪವೆನಿಸುವುದಿಲ್ಲ.

ಉತ್ತರ: ಮಂಡ್ಯದ ಸದಸ್ಯ
ಗಾಜಿನ ಶೇಡರ್ (ಮೇಲ್ಮೈ ಬೆಳಕಿಗೆ ಹೇಗೆ ವರ್ತಿಸಬೇಕೆಂಬ ಸೂಚನೆ) ಮೂಲಕ ಬೆಳಕು ಹಾದು ನೆಲಕ್ಕೆ ಬೀಳುವುದು ಕಾಸ್ಟಿಕ್ಸ್ ಲೆಕ್ಕಕ್ಕೆ ಸೇರುತ್ತದೆ. ಅದು ಬಹಳ ನಿಧಾನ, ಕಲೆಗಳೂ ಹೆಚ್ಚು. ಅದರ ಬದಲು, ಕಿರಣ ಯಾವ ಬಗೆಯದೆಂದು ತಿಳಿಸುವ ಲೈಟ್ ಪಾತ್ ನೋಡ್‌ನ 'ಇಸ್ ಶ್ಯಾಡೋ ರೇ' ಬಳಸಿ, ನೆರಳಿನ ಕಿರಣಗಳಿಗೆ ಮಾತ್ರ ಗಾಜು ಅದೇ ಬಣ್ಣದ ಟ್ರಾನ್ಸ್‌ಪರೆಂಟ್ ಶೇಡರ್‌ನಂತೆ ವರ್ತಿಸುವ ಹಾಗೆ ಮಾಡಿ. ದಪ್ಪವಿರುವ ಗಾಜಿನಲ್ಲಿ ಕಿರಣ ಎರಡು ಮೇಲ್ಮೈಗಳನ್ನು ದಾಟುವುದರಿಂದ ಬಣ್ಣವೂ ಎರಡು ಸಲ ಗುಣಿಸಲ್ಪಟ್ಟು ಗಾಢವಾಗುತ್ತದೆ. ಆದ್ದರಿಂದ ತುಸು ತಿಳಿಯಾದ ಬಣ್ಣ ಆರಿಸಿ, ಟ್ರಾನ್ಸ್‌ಪರೆಂಟ್ ಬೌನ್ಸ್‌ಗಳನ್ನು (ಕಿರಣ ದಾಟಬಹುದಾದ ಪಾರದರ್ಶಕ ಮೇಲ್ಮೈಗಳ ಮಿತಿಯನ್ನು) 8ಕ್ಕಿಂತ ಕೆಳಗಿಳಿಸಬೇಡಿ. ಶೇಡರ್ ಬದಲಿಸಿದ ಮೇಲೆ ನೆಲದ ಬೆಳಕು ಬದಲಾಗುತ್ತದೆ, ಅಲ್ಲಿಂದ ಚಿಮ್ಮುವ ಬೆಳಕಿನಿಂದ ಕಂಬಗಳೂ ಬದಲಾಗುತ್ತವೆ. ಹಾಗಾಗಿ ಈಗಾಗಲೇ ಮುಗಿದಿರುವ ಭಾಗಗಳನ್ನೂ ಮತ್ತೊಮ್ಮೆ ರೆಂಡರ್ ಮಾಡಬೇಕಾಗುತ್ತದೆ.