ಅಪ್‌ಡೇಟ್: ಮಗಳ ವಿಶ್ವವಿದ್ಯಾಲಯ ಗೊತ್ತಾಯಿತು

ಮಗಳಿಗೆ ನರ್ಸಿಂಗ್ ಓದುವ ಆಸೆ, ನಂಬಿಕೆಯೂ ಬಾಡಬಾರದು, ಯಾವ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಸರಿ ಅಂತ ಕೇಳಿದ್ದೆ ಅಲ್ವಾ? ಬೋರ್ಡಿನಲ್ಲಿ ಸಂತರ ಹೆಸರಿದ್ದರೆ ಸಾಲದು, ಒಳಗೆ ಹೋಗಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು ಹೇಗಿರಬೇಕು ಅಂತ ಪೋಪ್ ಎರಡನೇ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ‘ಎಕ್ಸ್ ಕೊರ್ದೆ ಎಕ್ಲೇಸಿಯೆ’ ಎಂಬ ದಾಖಲೆ ಓದಿದೆ. ಕ್ಯಾಥೊಲಿಕರಲ್ಲದ ಅಧ್ಯಾಪಕರೇ ಜಾಸ್ತಿ ಆಗಬಾರದು ಅಂತ ಅದರಲ್ಲಿದೆ. ದೈವಶಾಸ್ತ್ರ ಕಲಿಸುವ ಕ್ಯಾಥೊಲಿಕರಿಗೆ ಚರ್ಚಿನ ಅನುಮತಿಯೂ ಬೇಕು. ಹೋದಲ್ಲೆಲ್ಲ ಇದನ್ನೇ ಕೇಳಿದೆ. ಒಂದು ಕಡೆ ಮಾತು ತೇಲಿಸಿದರು.

ಇನ್ನೊಂದು ಕಡೆ ಮಧ್ಯಾಹ್ನದ ಬಲಿಪೂಜೆಗೆ (ಮಾಸ್) ಕೂತೆವು. ಹಿಂದಿನ ಬೆಂಚಿನಲ್ಲಿ ನರ್ಸಿಂಗ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಬ್ಯಾಗ್ ಪಕ್ಕಕ್ಕಿಟ್ಟು ಮೊಣಕಾಲೂರಿದ್ದಳು. ಮಗಳು ಅವಳನ್ನೇ ನೋಡುತ್ತಿದ್ದಳು. ಆಸ್ಪತ್ರೆ ತರಬೇತಿ ಬಗ್ಗೆಯೂ ವಿಚಾರಿಸಿದೆವು, ಚೆನ್ನಾಗಿದೆ. ಅಲ್ಲೇ ಸೇರಿಸಿದ್ದೇವೆ.